ಜಗಲಿ ವಸೂಲಿ

"ರಂಡೆಯರಾ, ಇದು ಬೀಜವಾ, ಹಿಟ್ಟಾ? ಒಂದಾದ್ರೂ ಇಡೀದು ಅದೆಯಾ ಇದ್ರಲ್ಲಿ?"

ಮಹಾಬಲ ಸಾವ್ಕಾರರು ಗಣಪಿಯ ಬುಟ್ಟಿಯಿಂದ ಒಂದು ಹಿಡಿ ಗೇರುಬೀಜ ಎತ್ತಿ ಅವಳ ಮುಖಕ್ಕೇ ಎಸೆದರು. ಕುಮಟೆಯ ಅವರ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವ ನಮಗೆ ಇದು ಹೊಸದಲ್ಲ. ಗೇರಿನ ಎಣ್ಣೆ ತಾಗಿ ಬೆರಳಿನ ಚರ್ಮ ಸುಲಿದಿದೆ, ಬೈಗುಳ ತಾಗಿ ಕಿವಿಯ ಚರ್ಮ ದಪ್ಪಗಾಗಿದೆ. ಗಣಪಿ ಕೆನ್ನೆಗೆ ಅಂಟಿದ ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡಳು.

"ಒಡೇರೇ, ಎರಡು ತಿಂಗಳ ಪಗಾರ ಯಾವಾಗ?"

"ಬ್ಯಾಂಕಿನವ್ರು ಸಾಲ ಬಿಟ್ಟಾಗ. ನಾ ಎಂತ ದುಡ್ಡಿನ ಗಿಡ ನೆಟ್ಟಿದ್ನಾ? ಬೇಕಾರೆ ಹೋಗಿ ಮ್ಯಾನೇಜರ್ನ ಕೇಳಿ!"

ಅದು ಕೊಂಕು ಎಂದು ನಮಗೆ ತಿಳಿಯಲಿಲ್ಲ. ನಿಜವಾಗಿಯೂ ಹೋಗಿ ಕೇಳಿದೆವು. ಅಂಗಡಿಯ ಅಣ್ಣಪ್ಪ ಅಕ್ಕಿ ಕಡ ಕೊಡುವುದನ್ನು ನಿಲ್ಲಿಸಿದ್ದ. ಗಣಪಿಯ ಮನೆಯ ಗಂಜಿಯಲ್ಲಿ ಅಗುಳು ಹುಡುಕಬೇಕಾಗಿತ್ತು. ಮರುದಿನ ಬೆಳಿಗ್ಗೆ ಗಣಪಿ, ಮಾಲಿನಿ ಮತ್ತು ಮಂಗಲಾ ಎಂಬ ನಾನು ಹಸಿವೂ ಸಿಟ್ಟೂ ಹೊತ್ತುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಿದೆವು.

ಮ್ಯಾನೇಜರ್ ಅಕ್ಷಯ ಮೈಸೂರು ಕಡೆಯಿಂದ ಹೊಸದಾಗಿ ಬಂದ ಹುಡುಗ.

"ತಮಾ, ಸಾವ್ಕಾರ್ರಿಗೆ ಸಾಲ ಎಂತಕ್ಕೆ ಬಿಡೂದಿಲ್ಲ?" ಗಣಪಿ ಕೇಳಿದಳು.

"ಯಾರು ಹೇಳಿದ್ದು? ಹೋದ ತಿಂಗಳೇ ಕೊಟ್ಟಾಯ್ತಲ್ಲ!" ಎಂದವನು ಹೇಳಬಾರದ್ದು ಹೇಳಿದೆನೆಂದು ನಾಲಿಗೆ ಕಚ್ಚಿಕೊಂಡ. ಮಾತು ತಿರುಗಿಸಲು ಬ್ಯಾಂಕಿನ ಪಾಠ ಶುರು ಮಾಡಿದ. ಸಾವ್ಕಾರರೇ ಕಳಿಸಿದ್ದ ಗೇರುಬೀಜದ ಡಬ್ಬಿಯನ್ನು ಮೇಜಿನ ಮೇಲೆ ಸುರಿದ.

"ನೋಡಿ, ಇದು ನೀವೆಲ್ಲ ಇಟ್ಟ ದುಡ್ಡು. ಸ್ವಲ್ಪ ಇಲ್ಲೇ ಇರತ್ತೆ, ಯಾರಾದ್ರೂ ತೆಗೆಯೋಕೆ ಬಂದ್ರೆ ಬೇಕಲ್ಲ. ಉಳಿದದ್ದನ್ನ ಸಾಲ ಕೊಡ್ತೀವಿ. ಸಾಲಗಾರ ಅದರಲ್ಲಿ ಪಗಾರ ಕೊಡ್ತಾನೆ, ಅದು ತಿರುಗಿ ನಿಮ್ಮ ಖಾತೆಗೇ ಬರತ್ತೆ. ನಾವು ಮತ್ತೆ ಸಾಲ ಕೊಡ್ತೀವಿ."

ಬೀಜಗಳು ಮೇಜಿನ ಮೇಲೆ ಸುತ್ತು ಹೊಡೆದವು. ಸುತ್ತಿಗೊಂದು ಅವನ ಬಾಯಿಗೆ ಹೋಯಿತು.

"ಈಗ ತಿಂದದ್ದು ಎಂತದು?" ಮಾಲಿನಿ ಕೇಳಿದಳು.

"ಅದು ಬಡ್ಡಿ."

"ಒಡೆಯೂದು ನಾವು, ತಿಂಬೂದು ನೀವು!"

ಗಣಪಿ ಮಾತ್ರ ಮೇಜಿನಿಂದ ಕಣ್ಣು ಕೀಳಲಿಲ್ಲ. "ಹಂಗಾರೆ ಸಾವ್ಕಾರ್ರಿಗೆ ಸಾಲ ಕೊಟ್ಟವ್ರು ನಾವಾ?"

"ಒಂದು ರೀತೀಲಿ ಹೌದು," ಎಂದ, ಬಾಯಿತುಂಬ ಬಡ್ಡಿ ತುಂಬಿಕೊಂಡು.

'ಒಂದು ರೀತಿ'ಯನ್ನು ಅವನ ಮೇಜಿನ ಮೇಲೇ ಬಿಟ್ಟು, 'ಹೌದ'ನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಹೊರಬಿದ್ದೆವು.

ಸಾಲ ಕೊಟ್ಟವರು ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಹಿಳಾ ಸಂಘದಲ್ಲಿ ನೇಮವಿದೆ. ಒಬ್ಬಳು ಸಾಲದ ಕಂತು ತಪ್ಪಿಸಿದರೆ ಉಳಿದವರೆಲ್ಲ ಹೋಗಿ ಅವಳ ಮನೆಯ ಜಗಲಿಯ ಮೇಲೆ ಕೂರುವುದು, ಕಂತು ಬರುವ ತನಕ ಏಳದಿರುವುದು. ನನ್ನ ಜಗಲಿಯ ಮೇಲೂ ಒಮ್ಮೆ ಕೂತಿದ್ದರು. ಭೂಮಿ ಬಾಯಿಬಿಡಬಾರದೇ ಅನಿಸಿತ್ತು. ಕಿವಿಯ ಓಲೆ ಅಡವಿಟ್ಟು ಅವರನ್ನು ಎಬ್ಬಿಸಿದ್ದೆ.

ಅದೇ ಮಧ್ಯಾಹ್ನ ಸಂಘದ ಹೆಂಗಸರೆಲ್ಲ ಸಾವ್ಕಾರರ ಮನೆಗೆ ಹೋದೆವು. ಆ ಜಗಲಿಯನ್ನು ನಮ್ಮವರು ಗುಡಿಸಿದ್ದುಂಟು, ಒರೆಸಿದ್ದುಂಟು, ಕೂತದ್ದಿಲ್ಲ. ಪಗಾರ ಕೊಟ್ಟರೂ ಮೇಲಿನಿಂದ ಬೀಳುತ್ತಿತ್ತು, ನಾವು ಕೆಳಗೆ ಸೆರಗೊಡ್ಡಬೇಕು. ಮೆಟ್ಟಿಲ ಬುಡದಲ್ಲೇ ನಾನು ನಿಂತುಬಿಟ್ಟೆ.

"ಎಂತಕ್ಕೆ ಹೆದರ್ತಿ? ಇದು ಬ್ಯಾಂಕಿನ ಕೆಲ್ಸ ಮಾರಾಯ್ತಿ," ಎಂದು ಗಣಪಿ ಹತ್ತಿ ಕೂತೇಬಿಟ್ಟಳು. ಅವಳ ಹಿಂದೆ ನಾವೂ ಹತ್ತಿದೆವು. ಜಗಲಿ ಭರ್ತಿಯಾಯಿತು. ಸಂಘದ ಸಭೆ ಪ್ರಾರ್ಥನೆಯಿಲ್ಲದೆ ಶುರುವಾಗಬಾರದು, ಹಾಗಾಗಿ ಮಾಲಿನಿ ತನ್ನ ಒಡಕು ದನಿ ಎತ್ತಿದಳು.

ಸಾವ್ಕಾರರು ಕಾರಿನಿಂದ ಇಳಿದದ್ದು ಆಗಲೇ.

"ಹಲ್ಕಟ್ ಮುಂಡೇರಾ! ಇಳೀರೇ ಕೆಳಗೆ! ಜಗಲಿ ಎಲ್ಲಾ ಮೈಲಿಗೆ ಮಾಡಿ ಹಾಕಿದ್ರು!"

"ಪ್ರಾರ್ಥನೆ ನಡೀತದೆ, ಚಪ್ಪಲಿ ಬಿಡಿ," ಎಂದಳು ಗಣಪಿ.

ಅಭ್ಯಾಸಬಲ. ಸಾವ್ಕಾರರು ಒಂದು ಚಪ್ಪಲಿ ಬಿಟ್ಟೇಬಿಟ್ಟರು. ಆಮೇಲೆ ಎಚ್ಚರಾಗಿ ಇನ್ನೂ ಜೋರಾಗಿ ಕೂಗಿದರು. "ಪೊಲೀಸ್ರನ್ನ ಕರೀತೆ ನೋಡಿ!"

"ಕರೀರಿ. ನಾವು ಸಾಲ ವಸೂಲಿಗೆ ಬಂದವ್ರು. ನಮ್ಮ ದುಡ್ಡು ಹೋದ ತಿಂಗಳೇ ನಿಮ್ಮ ಕೈ ಸೇರಿ ಆತು. ಬ್ಯಾಂಕಿನ ತಮ್ಮ ಬೀಜ ಇಟ್ಟು ತೋರ್ಸಿದ," ಗಣಪಿಯೇ ಹೇಳಿದಳು.

ಕಿವಿಗೆ ಹೋಗುತ್ತಿದ್ದ ಮೊಬೈಲು ಅರ್ಧದಲ್ಲೇ ನಿಂತಿತು.

ಪ್ರಾರ್ಥನೆಯ ನಂತರ ಹಾಜರಿ. ಸಂಘದ ಹಾಜರಿಯಲ್ಲಿ ಅಕ್ಕ ಅಮ್ಮ ಎಂದೆಲ್ಲ ಇಲ್ಲ, ಬರೀ ಹೆಸರು. ಮಾಲಿನಿ ಒಬ್ಬೊಬ್ಬರನ್ನೇ ಕರೆದಳು. ಕೊನೆಯಲ್ಲಿ, ಸಾಲ ತೆಗೆದವನೂ ಸದಸ್ಯನೇ ಎಂದು ಅವಳಿಗೆ ಹೊಳೆದಿರಬೇಕು.

"ಮಹಾಬಲಾ?"

ನನ್ನ ಎದೆ ಹಿಗ್ಗಿ ಹೀರೆಕಾಯಿಯಾಯಿತು. ಒಳಕೋಣೆಯಿಂದ ಸಾವ್ಕಾರರ ಕಣ್ಣು ಕಾಣದ ತಾಯಿ ಉತ್ತರ ಕೊಟ್ಟರು.

"ಇದ್ದ, ಇದ್ದ! ಅಂಗಳದಲ್ಲೇ ಕೂಗ್ತಾ ಇದ್ದ!"

"ಹಾಜರ್," ಎಂದಳು ಮಾಲಿನಿ. "ಕಂತು?"

ನಾವು ಸೆರಗು ಸರಿಮಾಡಿಕೊಂಡು, ಗೋಡೆಗೆ ಒರಗಿ ಕಾಲು ಚಾಚಿದೆವು. ಕೆಳಗೆ ಅಂಗಳದ ಬಿಸಿಲಲ್ಲಿ ಸಾವ್ಕಾರರು ಒಂದೇ ಚಪ್ಪಲಿಯಲ್ಲಿ ನಿಂತಿದ್ದರು.