ಕಾಂದಿವಲಿಯಿಂದ ಗೋರೆಗಾಂವ್‌ವರೆಗೆ ನಡೆದ ಶರಣು

ಮುಂಬಯಿಯಲ್ಲಿ ದುಡಿಯುವ ಗಂಡಸೊಬ್ಬ ಬೆಳಿಗ್ಗೆ ಎಂಟೂವರೆಗೆ ಮನೆಯಲ್ಲೇ ಇದ್ದಾನೆಂದರೆ ಒಂದೋ ಅವನಿಗೆ ಜ್ವರ ಬಂದಿರಬೇಕು, ಇಲ್ಲವೇ ಲೋಕಲ್ ಬಂದ್ ಆಗಿರಬೇಕು. ಕಾಂದಿವಲಿಯ ಆ ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಶರಣು ಏಳು ತಿಂಗಳಿಂದ ಮನೆಯಲ್ಲೇ ಇದ್ದ. ಅವನಿಗೆ ಜ್ವರವೂ ಇರಲಿಲ್ಲ, ಲೋಕಲ್ಲೂ ಓಡುತ್ತಲೇ ಇತ್ತು.

ಎಂಟರ ಹೊತ್ತಿಗೆ ಮೆಟ್ಟಿಲ ಮೇಲೆ ಎಲ್ಲರ ಚಪ್ಪಲಿಗಳ ದಡಬಡ. ಮಗಳು ಸೋನಾಲಿ ಕಾಲೇಜಿಗೆ ಓಡುತ್ತಿದ್ದಳು. ಹೆಂಡತಿ ಮಲ್ಲಕ್ಕ ಬಡಿದ ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕಪಕ್ಕದ ಬಿಲ್ಡಿಂಗುಗಳಲ್ಲಿ ಮಾರಲು ಹೋಗುತ್ತಿದ್ದಳು. ಆಮೇಲೆ ಫ್ಯಾನಿನ ಸದ್ದೊಂದೇ. ಗಾಳಿ ಈ ಕಡೆ ಬೀಸಿದರೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳುತ್ತಿತ್ತು. ಶರಣು ಎದ್ದು ಕಿಟಕಿ ಮುಚ್ಚಿ ಮತ್ತೆ ಮಲಗುತ್ತಿದ್ದ. ಕೋಟಿ ಜನರ ಊರಿನಲ್ಲಿ ಅವನಷ್ಟು ಒಂಟಿ ಇನ್ನೊಬ್ಬ ಇರಲಾರ ಎಂದು ಅವನಿಗೇ ಅನ್ನಿಸುತ್ತಿತ್ತು.

ಮೊದಲು ಹೀಗಿರಲಿಲ್ಲ. ಸಾಂತಾಕ್ರೂಜ್‌ನ ಒಂದು ಗೋದಾಮಿನಲ್ಲಿ ಅವನಿಗೆ ನೌಕರಿ. ಎಂಟು ಹದಿನೆಂಟರ ಲೋಕಲ್ಲಿನಲ್ಲಿ, ಒಂದೇ ಡಬ್ಬಾದ ಒಂದೇ ಬಾಗಿಲ ಹತ್ತಿರ, ಒಂಬತ್ತು ಮಂದಿಯ ಗ್ರೂಪು. ವಿಜಯಪುರದವರು, ಬೆಳಗಾವಿಯವರು, ಜೊತೆಗೆ ಇಬ್ಬರು ಮರಾಠಿಯವರು. ದಸರೆಗೆ ಡಬ್ಬಾಕ್ಕೆ ಹಾರ ಹಾಕಿ ಪೂಜೆ ಮಾಡಿ ಪೇಢೆ ಹಂಚುವಷ್ಟು ಸಲಿಗೆ. ಅವರಲ್ಲಿ ಈರಣ್ಣ ಗೋರೆಗಾಂವ್‌ನಲ್ಲಿ ಹತ್ತುವವನು, ದಿನಾ ತಡ. ಗಾಡಿ ಹೊರಟ ಮೇಲೆ ಓಡಿ ಬರುತ್ತಿದ್ದ. ಬಾಗಿಲಲ್ಲಿ ನಿಂತ ಶರಣು ಕೈ ಕೊಟ್ಟು ಒಳಗೆಳೆದುಕೊಳ್ಳುತ್ತಿದ್ದ. ಒಂಬತ್ತು ವರ್ಷ ಹೀಗೇ ನಡೆಯಿತು. ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅದನ್ನೇ ಗೆಳೆತನ ಅಂದುಕೊಂಡಿದ್ದರು.

ಕಳೆದ ಜೂನ್‌ನ ಒಂದು ಮಳೆಯ ಬೆಳಿಗ್ಗೆ ಆ ಒದ್ದೆ ಕೈ ಜಾರಿತು. ಯಾರೋ ಚೈನ್ ಎಳೆದರು. ಗಾಡಿ ನಿಂತದ್ದೇ ಶರಣು ಒಬ್ಬನೇ ಕೆಳಗೆ ಹಾರಿ ಹಳಿಯ ಪಕ್ಕ ಹಿಂದಕ್ಕೆ ಓಡಿದ. ಎದೆ ಒಡೆದು ಹೋಗುವಂತೆ ಓಡಿದ. ಈರಣ್ಣ ಉಳಿಯಲಿಲ್ಲ.

ಆ ದಿನದಿಂದ ಶರಣುವಿಗೆ ನಿದ್ದೆ ಬಂದರೆ ಅದೇ ಕನಸು. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಬೀಳುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮೆಟ್ಟಿಲು. ಎರಡು ಮಾಳಿಗೆ ಹತ್ತಿದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಅವನಿಗೆ ಎದೆ ಹೊಡೆದುಕೊಂಡ ಕೂಡಲೇ ತಾನು ಮತ್ತೆ ಆ ಹಳಿಯ ಪಕ್ಕ ಓಡುತ್ತಿದ್ದೇನೆ ಅನ್ನಿಸುತ್ತಿತ್ತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಹಗ್ಗವಾದರೆ ದೂರ ಎಸೆಯಬಹುದು, ತನ್ನದೇ ಎದೆಯನ್ನು ಎಲ್ಲಿ ಎಸೆಯುವುದು? ಹಾಗಾಗಿ ಅವನು ಇಳಿಯುವುದನ್ನೇ ಬಿಟ್ಟ. ಗೋದಾಮಿನವರು ನಾಲ್ಕು ಸಲ ಫೋನ್ ಮಾಡಿದರು, ಐದನೇ ಸಲ ಮಾಡಲಿಲ್ಲ.

ಮಲ್ಲಕ್ಕನ ಪ್ರೀತಿಗೆ ಕೊರತೆ ಇರಲಿಲ್ಲ. ಹೃದಯದ ಡಾಕ್ಟರಿಗೆ ತೋರಿಸಿದಳು. ಇ.ಸಿ.ಜಿ. ಸರಿ ಇದೆ ಅಂದರು. ದೃಷ್ಟಿ ತೆಗೆದಳು, ತಾಯತ ಕಟ್ಟಿದಳು, ಹಾಲು ತುಪ್ಪ ತಿನ್ನಿಸಿದಳು. ನೀರಿನ ಬಕೆಟ್ ಎತ್ತಲೂ ಬಿಡಲಿಲ್ಲ. ರೈಲಿನ ಗ್ರೂಪಿನವರು ನೋಡಲು ಬಂದರೆ "ಮಲಗ್ಯಾರ್ರೀ, ಎಬ್ಬಸಬ್ಯಾಡ್ರಿ" ಎಂದು ಬಾಗಿಲಲ್ಲೇ ಕಳಿಸಿದಳು. ಒಳಗೆ ಶರಣು ಎಚ್ಚರವಾಗಿಯೇ ಇರುತ್ತಿದ್ದ. ಗೆಳೆಯರ ಚಪ್ಪಲಿಯ ಸದ್ದು ಇಳಿದು ಹೋಗುವುದನ್ನು ಕೇಳುತ್ತಿದ್ದ.

ಆ ಜನವರಿಯಲ್ಲಿ ಈರಣ್ಣನ ಹೆಂಡತಿ ರಾಚವ್ವ ಮತ್ತೆ ಫೋನ್ ಮಾಡಿದಳು. "ಮಲ್ಲಕ್ಕ, ಏಪ್ರಿಲ್‌ದಾಗ ಮಕ್ಕಳ ಸಾಲಿ ಮುಗದ ಮ್ಯಾಲ ನಾ ಊರಿಗೆ ಹೋಗಾಕಿ. ಮತ್ತ ಮುಂಬೈಗೆ ಬರಾಂಗಿಲ್ಲ. ಅಷ್ಟ್ರಾಗ ನಿನ್ನ ಗಂಡ ಒಮ್ಮೆ ಬಂದು ನಮ್ಮವ್ರು ಹ್ಯಾಂಗ ಹೋದ್ರಂತ ಹೇಳಲಿ. ಪೊಲೀಸರು ಹೇಳಿದ್ದಷ್ಟ ನನಗ ಗೊತ್ತು. ಅವ್ರು ಬರೇ ಟೈಮ್ ಹೇಳಿದ್ರು."

ಮಲ್ಲಕ್ಕ ಫೋನ್ ಚಾಚಿದಳು. ಶರಣು ಗೋಡೆಯ ಕಡೆ ತಿರುಗಿ ಮಲಗಿದ. ಕೈ ಜಾರಿದ್ದು ಬಾಗಿಲ ನೂಕುನುಗ್ಗಲಲ್ಲಿ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವನೂ ಯಾರಿಗೂ ಹೇಳಿರಲಿಲ್ಲ. ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೆಳಗಿನ ಮಾಳಿಗೆಯ ನೀಲಾವತಿ ಉಡುಪಿಯ ಕಾಪು ಕಡೆಯವರು, ಪಾಲಿಕೆಯ ದವಾಖಾನೆಯಲ್ಲಿ ಸಿಸ್ಟರ್. ಅಂದು ರೊಟ್ಟಿ ಒಯ್ಯಲು ಬಂದಿದ್ದರು. ಇದೆಲ್ಲ ಕಣ್ಣಾರೆ ನೋಡಿದರು.

"ಮಲ್ಲಕ್ಕ, ಇವರು ಹೀಗೆ ಮಲಗಿ ಎಷ್ಟು ಸಮಯ ಆಯ್ತು?"

"ಏಳ ತಿಂಗಳಾತು. ಅಂಜಿಕಿ ಹತ್ತೈತ್ರೀ ಸಿಸ್ಟರಬಾಯಿ. ಆರಾಮ್ ತಗೊಂಡ್ರ ಹೋಗತೈತಿ."

"ಏಳು ತಿಂಗಳು ಆರಾಮು! ಅತಿಯಾದರೆ ಅಮೃತವೂ ವಿಷ ಅಲ್ವಾ ಮಾರಾಯ್ತಿ? ಇದು ಹೆದರುಪುಕ್ಕಲುತನ ಅಲ್ಲ, ಹುಚ್ಚೂ ಅಲ್ಲ. ದೊಡ್ಡ ಆಘಾತ ಆದವರಿಗೆ ಬರುವ ಕಾಯಿಲೆ. ಪಿ.ಟಿ.ಎಸ್.ಡಿ. ಅಂತ ಹೇಳ್ತಾರೆ. ಇದಕ್ಕೆ ಡಾಕ್ಟರ್ ಇದ್ದಾರೆ, ಮಾತಾಡಿಸಿ ಗುಣ ಮಾಡುವ ಕೌನ್ಸೆಲರ್ ಇದ್ದಾರೆ. ನಾಳೆಯೇ ಹೋಗುವ. ಅದರೊಟ್ಟಿಗೆ ಇವರ ಮೈ ಅಲುಗಬೇಕು."

"ಅಯ್ಯ! ಎದಿ ಡಬಡಬ ಅಂತೈತಿ, ಮತ್ತ ಮೆಟ್ಲ ಹತ್ತಸ್ತೀರಾ? ಏನರ ಆದ್ರ ಯಾರು ಜವಾಬ್ದಾರಿ? ಮನಸ್ಸಿನ ಜಡ್ಡಿಗೆ ಕಾಲಿಗ್ಯಾಕ ಕೆಲಸ?"

"ಎದೆ ಸರಿ ಉಂಟು ಅಂತ ಡಾಕ್ಟರೇ ಹೇಳಿದ್ದಾರಲ್ಲ. ಹೆದರಿಕೆ ಕೂತದ್ದು ಬರೀ ಮನಸ್ಸಲ್ಲಿ ಅಲ್ಲ ಮಲ್ಲಕ್ಕ, ಮೈಯಲ್ಲೂ ಕೂತಿದೆ. ಎದೆ ಹೊಡೆದುಕೊಂಡ್ರೆ ಅಪಾಯ ಅಂತ ಇವರ ಮೈ ತಿಳಿದಿದೆ. ದಿನಾ ಸ್ವಲ್ಪ ಸ್ವಲ್ಪ ನಡೆದರೆ ಅದೇ ಮೈ, ಎದೆ ಹೊಡೆದುಕೊಳ್ತದೆ, ಮತ್ತೆ ತಣ್ಣಗಾಗ್ತದೆ, ಏನೂ ಆಗುವುದಿಲ್ಲ ಅಂತ ಕಲೀತದೆ. ನಿದ್ದೆಯೂ ಬರ್ತದೆ. ಇದು ಮಂತ್ರ ಅಲ್ಲ, ಡಾಕ್ಟರರ ಬದಲಿಗೂ ಅಲ್ಲ. ಡಾಕ್ಟರರ ಜೊತೆಗೆ ಇದು."

ಮಲ್ಲಕ್ಕ ಒಪ್ಪಲಿಲ್ಲ, ಸೆರಗು ಬಾಯಿಗಿಟ್ಟು ನಿಂತಳು. ಆದರೆ ಮರುದಿನ ದವಾಖಾನೆಗೆ ಆಟೋ ತಂದು, ಅವನನ್ನು ಕೈ ಹಿಡಿದು ಮೆಲ್ಲಗೆ ಇಳಿಸಿದವಳು ಅವಳೇ. ಅಲ್ಲಿನ ಮನೋರೋಗದ ಡಾಕ್ಟರೂ ಅದೇ ಮಾತು ಹೇಳಿದರು. ಪ್ರತಿ ಮಂಗಳವಾರ ಕೌನ್ಸೆಲರ್ ಹತ್ತಿರ ಬರಬೇಕು, ದಿನಾ ಮೆಲ್ಲಗೆ ವ್ಯಾಯಾಮ ಶುರು ಮಾಡಬೇಕು.

ಮೊದಲ ದಿನದ ವ್ಯಾಯಾಮವೆಂದರೆ ಮೂರನೇ ಮಾಳಿಗೆಯಿಂದ ಎರಡನೆಯದಕ್ಕೆ ಇಳಿದು ಮತ್ತೆ ಹತ್ತುವುದು. ಕೇಳಿದರೆ ನಗು ಬರುತ್ತದೆ. ಊರಿನ ಗರಡಿಯಲ್ಲಿ ನೂರು ಬಸ್ಕಿ ಹೊಡೆದ ಶರಣು ಹತ್ತನೇ ಮೆಟ್ಟಿಲಿಗೆ ಬೆವರಿ ಕೂತುಬಿಟ್ಟ. ಕಣ್ಣ ಮುಂದೆ ಹಳಿ, ಮಳೆ.

"ಸಿಸ್ಟರಬಾಯಿ, ನನ್ನಿಂದ ಆಗಾಂಗಿಲ್ಲ."

ನೀಲಾವತಿ ಎರಡು ಮೆಟ್ಟಿಲು ಕೆಳಗೆ ತಾವೂ ಕೂತರು. ಅವನನ್ನು ಎಬ್ಬಿಸಲೂ ಇಲ್ಲ, ಧೈರ್ಯ ತಂದುಕೋ ಎಂದೂ ಹೇಳಲಿಲ್ಲ.

"ಆಯ್ತು ಶರಣಣ್ಣ, ಕೂತುಕೊಳ್ಳಿ. ಕಾಲು ನೆಲಕ್ಕೆ ತಾಗಿದೆಯಾ? ಗೋಡೆ ಮುಟ್ಟಿ. ಹೇಗೆ ಉಂಟು?"

"ತಣ್ಣಗ ಐತಿ."

"ಎದುರು ಏನು ಕಾಣ್ತದೆ?"

"ಮೀಟರಿನ ಪೆಟ್ಟಿಗಿ. ಯಾರೋ ಪಾನ್ ಉಗುಳ್ಯಾರ."

"ಅವರನ್ನು ಆಮೇಲೆ ಬೈಯುವ. ಈಗ ಎದೆ?"

ಶರಣು ಎದೆಯ ಮೇಲೆ ಕೈ ಇಟ್ಟ. ಐದಾರು ನಿಮಿಷ ಆಗಿತ್ತು. "ಕಮ್ಮಿ ಆಗೇತ್ರಿ" ಎಂದ, ನಂಬಿಕೆ ಬಾರದವನಂತೆ.

"ಹೊಡೆದುಕೊಂಡಿತು, ತಣ್ಣಗಾಯಿತು. ನೀವು ಗೋರೆಗಾಂವ್‌ನಲ್ಲಿ ಇಲ್ಲ, ಇಲ್ಲಿದ್ದೀರಿ. ಇವತ್ತಿಗೆ ಇಷ್ಟು ಸಾಕು."

ಹನಿ ಹನಿ ಕೂಡಿದರೆ ಹಳ್ಳ. ಎರಡನೇ ವಾರ ಅವನು ಅಂಗಳಕ್ಕಿಳಿದ. ಮೂರನೇ ವಾರ ಬಿಲ್ಡಿಂಗಿಗೆ ಸುತ್ತು ಹಾಕಿದ. ಸೋನಾಲಿಗೆ ಕನ್ನಡ ತಿಳಿಯುತ್ತದೆ, ನಾಲಿಗೆ ಮಾತ್ರ ಹಿಂದಿಯದು. "ಪಪ್ಪಾ, ಚಲೋ ನಾ, ಇನ್ನೊಂದು ರೌಂಡ್... ಆಮೇಲೆ ಪಕ್ಕಾ ಸ್ಟಾಪ್" ಎಂದು ಜೊತೆಗೆ ನಡೆಯುತ್ತಿದ್ದಳು. ಆದರೆ ಎಲ್ಲ ದಿನವೂ ಏರುದಾರಿಯೇ ಅಲ್ಲ. ಒಂದು ಬೆಳಿಗ್ಗೆ ಶರಣು ಹುಮ್ಮಸ್ಸಿನಲ್ಲಿ ಯಾರಿಗೂ ಹೇಳದೆ ಸ್ಟೇಷನ್‌ವರೆಗೆ ಓಡಿದ. ಗಾಡಿ ಬಂದ ಸದ್ದಿಗೆ ಮೈ ಮರಗಟ್ಟಿ ರಸ್ತೆ ಬದಿಯಲ್ಲಿ ಕುಸಿದ. ಆಟೋದವನೊಬ್ಬ ಮನೆಗೆ ತಂದು ಬಿಟ್ಟ.

"ನಾ ಮೊದ್ಲ ಹೇಳಿದ್ದಿಲ್ಲೇನ?" ಎಂದು ಮಲ್ಲಕ್ಕ ಬಾಗಿಲಿಗೆ ಚಿಲಕ ಹಾಕಿದಳು. ಶರಣು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಉಣ್ಣಲಿಲ್ಲ.

ನೀಲಾವತಿ ಬಂದು ಇಬ್ಬರನ್ನೂ ಕೂರಿಸಿ ಬೈದರು. "ಶರಣಣ್ಣ, ಇದರಲ್ಲಿ ಅವಸರ ಬೇಡ. ಸ್ಟೇಷನ್ನಿಗೆ ಯಾವಾಗ ಹೋಗಬೇಕು ಅಂತ ಕೌನ್ಸೆಲರ್ ಜೊತೆ ಕೂತು ನಿಶ್ಚಯ ಮಾಡಿ. ಮಲ್ಲಕ್ಕ, ನೀವು ಒಂದು ಮಾತು ಹೇಳಿ. ಈ ಒಂದು ತಿಂಗಳು ಇವರು ರಾತ್ರಿ ಕಿರುಚಿ ಎದ್ದದ್ದು ಎಷ್ಟು ಸಲ?"

ಮಲ್ಲಕ್ಕ ಬೆರಳು ಮಡಚಿದಳು. "ಮೊದ್ಲ ದಿನಾ ಏಳ್ತಿದ್ರು. ಈಗ ವಾರಕ್ಕ ಎರಡ ಸಲ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಎದ್ದು ಹೋಗಿ ಚಿಲಕ ತೆಗೆದಳು. "ಬರ್ರಿ, ನಾನೂ ಬರ್ತೀನಿ. ಈ ಮೊಳಕಾಲಿಗೂ ಸ್ವಲ್ಪ ಕೆಲಸ ಆಗಲಿ."

ಅಂದಿನಿಂದ ಬೆಳಿಗ್ಗೆ ಅರ್ಧ ಗಂಟೆ ಗಂಡ ಹೆಂಡತಿ ಬಿರುಸಾಗಿ ನಡೆದರು. ಮಾರ್ಚಿನಲ್ಲಿ ಅವನು ಇಪ್ಪತ್ತು ಬಸ್ಕಿ ಹೊಡೆಯತೊಡಗಿದ. ಮಂಗಳವಾರ ತಪ್ಪಿಸಲಿಲ್ಲ. ಒಂದು ಮಂಗಳವಾರ ಕೌನ್ಸೆಲರ್ ಮುಂದೆ ಮೊದಲ ಸಲ ಬಾಯಿ ಬಿಟ್ಟು ಹೇಳಿದ, "ನನ್ನ ಕೈ ಜಾರಿತ್ರಿ" ಎಂದು. ಹೇಳಿ ಮಕ್ಕಳ ಹಾಗೆ ಅತ್ತ.

ಏಪ್ರಿಲ್ ಎರಡನೇ ವಾರ. ರಾಚವ್ವನ ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದಾರೆಂದು ಸುದ್ದಿ ಬಂತು.

"ನಾಳೆ ಗೋರೆಗಾಂವ್‌ಗೆ ಹೋಗೂಣು" ಎಂದ ಶರಣು.

"ಲೋಕಲ್‌ದಾಗ ಹೊಂಟ್ರ್ಯಾ?"

"ಅದು ಇನ್ನಾ ಆಗಾಂಗಿಲ್ಲ. ನಡಕೋತ ಹೋಗೂಣು."

ಎಸ್.ವಿ. ರೋಡ್ ಹಿಡಿದು, ಮಲಾಡ್ ದಾಟಿ, ಸುಮಾರು ಆರು ಕಿಲೋಮೀಟರ್ ದಾರಿ. ಬಿಸಿಲೇರುವ ಮೊದಲೇ ಹೊರಟರು. ಎರಡು ಕಡೆ ಅವನ ಎದೆಬಡಿತ ಜೋರಾಯಿತು. ಅಂಗಡಿಯ ಕಟ್ಟೆಯ ಮೇಲೆ ಕೂತು, ತಣ್ಣಗಾಗುವುದನ್ನು ಕಾದು, ಮತ್ತೆ ಎದ್ದ. ಮಲ್ಲಕ್ಕ ನೀರು ಕೊಟ್ಟಳು.

ರಾಚವ್ವ ಬಾಗಿಲು ತೆರೆದಾಗ ಅವನು ಬೆವರಿನಲ್ಲಿ ತೊಯ್ದಿದ್ದ. ಅವಳು ಕೊಟ್ಟ ಚಹಾ ಮುಟ್ಟಲಿಲ್ಲ.

"ವೈನಿ, ದಿನಾ ಕೈ ಕೊಟ್ಟು ಎಳಕೊಂತಿದ್ದವ ನಾನು. ಅವತ್ತ ಕೈ ಬಿಟ್ಟವನೂ ನಾನ. ಮಳಿಗೆ ಜಾರ್ತು. ಓಡಿ ಹೋದೆ. ಅಂವಗ ಜೀವ ಇತ್ತು. ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತೆ. ಮಾತ ಬರಲಿಲ್ಲ ಅಂವಗ. ನನ್ನ ಹೆಬ್ಬೆಟ್ಟ ಹಿಡಕೊಂಡ. ಸ್ಟ್ರೆಚರ್ ಬರೂತನಕ ಹಿಡಕೊಂಡಿದ್ದ, ಬಿಡಲಿಲ್ಲ. ನಾ ಬಿಟ್ಟಿದ್ದೆ ವೈನಿ, ಅಂವ ಬಿಡಲಿಲ್ಲ."

ರಾಚವ್ವ ಬೈಯುತ್ತಾಳೆಂದು ಶರಣು ತಲೆ ತಗ್ಗಿಸಿ ಕೂತ.

"ನೀ ಹತ್ರ ಇದ್ದೆಲ್ಲ ತಮ್ಮಾ?"

"ಇದ್ದೆ."

"ಹತ್ತ ತಿಂಗಳಾತು" ಎಂದಳು ರಾಚವ್ವ. "ದಿನಾ ಒಂದ ಯೋಚನಿ ನನಗ. ಇಷ್ಟ ದೊಡ್ಡ ಊರಾಗ, ಗುರ್ತಿಲ್ಲದ ಮಂದಿ ನಡುವ, ಕೈ ಹಿಡಿಯವ್ರಿಲ್ಲದ ಹೋದ್ರು ಅಂತ. ಒಬ್ಬಾಕಿನ ಕುಂತು ಅದನ್ನ ನೆನಸ್ತಿದ್ದೆ. ಇದೊಂದ ಮಾತ ನೀ ಮೊದ್ಲ ಬಂದು ಹೇಳಬಾರದಿತ್ತಾ?"

ಶರಣುವಿಗೆ ಆಗ ತಿಳಿಯಿತು. ತನ್ನ ಮೂರನೇ ಮಾಳಿಗೆಯ ಒಂಟಿತನ ಸಾಲದೆಂದು, ಗೋರೆಗಾಂವ್‌ನಲ್ಲಿ ಇನ್ನೊಬ್ಬಳನ್ನೂ ಅವನು ಒಂಟಿಯಾಗಿ ಕೂರಿಸಿದ್ದ.

"ನೀವು ಮನಿ ಬಿಟ್ಟು ಹೊರಗ ಹೋಗಿ ಎಷ್ಟ ದಿನ ಆತು ವೈನಿ?" ಎಂದು ಕೇಳಿದ.

ರಾಚವ್ವ ತಲೆಯಾಡಿಸಿದಳು. ಅವಳಿಗೆ ನೆನಪಿರಲಿಲ್ಲ.

"ಏಳ್ರಿ. ಕೆಳಗ ಗೇಟಿನ ತನಕ ಅಷ್ಟ. ಎದಿ ಹೊಡಕೊಂಡ್ರ ಅಂಜಬ್ಯಾಡ್ರಿ, ನಾ ಎರಡ ಮೆಟ್ಲ ಕೆಳಗ ಇರ್ತೀನಿ."

ರಾಚವ್ವ ಒಮ್ಮೆ ಮಲ್ಲಕ್ಕನ ಮುಖ ನೋಡಿ, ಚಪ್ಪಲಿ ಹುಡುಕತೊಡಗಿದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಶರಣು ಇನ್ನೂ ಲೋಕಲ್ ಹತ್ತಿಲ್ಲ. ಹತ್ತುತ್ತಾನೆ, ಅವಸರವಿಲ್ಲ. ನಿಮ್ಮ ಬಿಲ್ಡಿಂಗಿನಲ್ಲೂ ಬೆಳಿಗ್ಗೆ ಎಲ್ಲರೂ ಇಳಿದು ಹೋದ ಮೇಲೆ ಒಬ್ಬರು ಉಳಿಯುತ್ತಿರಬಹುದು. ಅಪಘಾತ, ಬೆಂಕಿ, ಹೊಡೆತ, ಸಾವು, ಏನನ್ನೋ ಕಂಡವರು. ತಿಂಗಳು ಕಳೆದರೂ ಅದೇ ಕನಸು, ಅದೇ ಬೆಚ್ಚುವಿಕೆ, ಅದೇ ಮುಚ್ಚಿದ ಬಾಗಿಲು ಇದ್ದರೆ "ಮಲಗಿರಲಿ ಬಿಡಿ" ಎನ್ನಬೇಡಿ, "ಗಟ್ಟಿಯಾಗು" ಎಂದು ಗದರಿಸಲೂಬೇಡಿ. ಡಾಕ್ಟರ ಬಳಿ ಕರೆದೊಯ್ಯಿರಿ. ಟೆಲಿ-ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಎನ್ನದೆ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ಬಿ.ಪಿ. ಇದ್ದವರು ಮೊದಲು ಕೇಳಿಕೊಂಡೇ ವ್ಯಾಯಾಮ ಶುರು ಮಾಡಲಿ. ಮಾತ್ರೆ ನಡೆಯುತ್ತಿದ್ದರೆ ತಾವಾಗಿ ನಿಲ್ಲಿಸದಿರಲಿ. ಮೊದಲು ಹತ್ತು ನಿಮಿಷ ಸಾಕು, ಆಮೇಲೆ ಮೆಲ್ಲಗೆ ಅರ್ಧ ಗಂಟೆ. ನಡಿಗೆಯೋ ಬಸ್ಕಿಯೋ ಸೂರ್ಯ ನಮಸ್ಕಾರವೋ, ಅವರಿಗೆ ಯಾವುದು ಒಗ್ಗುತ್ತದೋ ಅದು. ಅವರನ್ನು ಒಬ್ಬರನ್ನೇ ಕಳಿಸಬೇಡಿ. ನಾಳೆ ಬೆಳಿಗ್ಗೆ ಹೋಗಿ ಅವರ ಬಾಗಿಲು ತಟ್ಟಿ, ಜೊತೆಗೆ ನಡೆಯಿರಿ.