ಅನಾಥ ಆಮೆನ್

೨೦೦೯ರ ಏಪ್ರಿಲ್ ೮, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೆಂಟು ನಿಮಿಷ, ಮನೆಯ ಚಾವಣಿಯಲ್ಲಿ ಅಪ್ಪನ ಬಿಳಿಚಿದ ಕಣ್ಣುಗಳ ಮೇಲೆ ಬಿಸಿಲು ನೇರವಾಗಿ ಬೀಳುತ್ತಿದೆ, ರೆಪ್ಪೆ ಮಿಟುಕುತ್ತಿಲ್ಲ, ಹೆಫ್ಸಿಬಾ ಕೈ ಅಡ್ಡ ಹಿಡಿಯಹೋಗಿ ಹಿಂತೆಗೆದಳು — ಯಾರಿಗೆ ನೆರಳು, ಆ ಕಣ್ಣು ಹೋಗಿ ನಾಲ್ಕು ವರ್ಷ — ಕೆಳಗೆ ಓಣಿಯಲ್ಲಿ ಹುಳಿ ರೊಟ್ಟಿಯ ಕೊನೆಯ ಚೂರುಗಳನ್ನು ಸುಡುತ್ತಿದ್ದಾರೆ, ಸಂಜೆಗೆ ಪಾಸ್ಕ ಹಬ್ಬ, ಹುಳಿ ಹಿಟ್ಟಿನದೇನೂ ಮನೆಯಲ್ಲಿ ಉಳಿಯಬಾರದು, ಜೆರುಸಲೇಮಿಗೆಲ್ಲ ಸೀದ ವಾಸನೆ, ಯಾರದು, ಅಂದರು ಅಪ್ಪ, ಗೆದಲ್ಯಾನ ಹೆಜ್ಜೆ ಅಲ್ಲ ಇದು, ನಾನು ಅಪ್ಪಾ, ತಮ್ಮ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಫೋನ್ ಮಾಡಿದ್ದ, ನೀನೇ ಹೋಗು ಅಂದ, ಓಹೋ, ಬಂದ್ಯಾ, ಹದಿನೆಂಟು ವರ್ಷ ಆದ್ಮೇಲೆ ನಮ್ಮ ಮೆಟ್ಟಿಲು ಎಷ್ಟು ಅಂತ ನೆನಪಿತ್ತಾ? ನಲವತ್ತೊಂದು, ಅವಳು ಮರೆತಿರಲಿಲ್ಲ, ಹತ್ತುವಾಗ ಎಣಿಸಿಯೂ ಇದ್ದಳು.

ಸೃಷ್ಟಿಯ ನಾಲ್ಕನೆಯ ದಿನ ದೇವರು ಸೂರ್ಯನನ್ನು ಎಲ್ಲಿ ನಿಲ್ಲಿಸಿದನೋ ಅದೇ ಜಾಗಕ್ಕೆ, ಅದೇ ವಾರಕ್ಕೆ, ಅದೇ ಗಳಿಗೆಗೆ ಅವನು ಇಪ್ಪತ್ತೆಂಟು ವರ್ಷಕ್ಕೊಮ್ಮೆ ಮರಳುತ್ತಾನೆ, ಆ ಬೆಳಿಗ್ಗೆ ಸೂರ್ಯನನ್ನು ನೋಡಿ ಸ್ತುತಿ ಹೇಳಬೇಕು, ಒಂಬತ್ತೂವರೆಯೊಳಗೆ — ಕಳೆದ ಸಲ ಇದೇ ಚಾವಣಿ, ಅವಳಿಗೆ ಒಂಬತ್ತು ವರ್ಷ, ಅಪ್ಪ ಗಲ್ಲ ಹಿಡಿದೆತ್ತಿ, ನೋಡು ಹೆಫ್ಸಿ, ಜಗತ್ತು ಹುಟ್ಟಿದ ಬೆಳಕು ಇದೇ ಕಣೇ — ಆಮೇಲೆ ಅಪ್ಪ ಊರಿಗೆಲ್ಲ ಅಚ್ಚು ಹಾಕಿಸುತ್ತಿದ್ದ ಪಂಚಾಂಗಕ್ಕೆ ಸೂರ್ಯೋದಯದ ಪಟ್ಟಿಗಳನ್ನೆಲ್ಲ ಲೆಕ್ಕ ಹಾಕಿದವಳು ಅವಳೇ, ಮುಖಪುಟದಲ್ಲಿ ರಬ್ಬಿ ಅವಿಗ್ದೋರ್ ಎಂದು ಅಪ್ಪನ ಹೆಸರಷ್ಟೇ ಇರುತ್ತಿತ್ತು, ಅದು ನೋಯಲಿಲ್ಲ, ನೋಯಿಸಿದ್ದು ಹದಿನೆಂಟು ವರ್ಷದ ಹಿಂದಿನ ಆ ಸಬ್ಬತ್ ಊಟ, ಅವಳನ್ನು ನೋಡಲು ಬಂದ ಹುಡುಗನ ಕಡೆಯವರು ಎದುರಿಗೆ ಕೂತಿದ್ದಾರೆ, ಮೀನಿನ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದೆ, ಅವಳೋ ವಿಶ್ವವಿದ್ಯಾಲಯದಿಂದ ತಂದ ಬಿಸಿಬಿಸಿ ಜ್ಞಾನ, ಅಪ್ಪಾ, ನಮ್ಮ ಲೆಕ್ಕದ ವರ್ಷ ನಿಜವಾದ ವರ್ಷಕ್ಕಿಂತ ಹನ್ನೊಂದು ನಿಮಿಷ ಉದ್ದ, ನೀವು ಸ್ತುತಿ ಹೇಳೋ ದಿನ ಸೂರ್ಯ ಆ ಜಾಗ ಬಿಟ್ಟು ಹದಿನೆಂಟು ದಿನ ಆಗಿರುತ್ತೆ — ಚಮಚಗಳು ನಿಂತವು, ಸಂಬಂಧ ಮುರಿಯಿತು, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ, ಅಂದಿದ್ದರು ಅಪ್ಪ, ನೀನು ಹುಟ್ಟೋ ಮುಂಚೆನೇ ಗೊತ್ತು, ಗೊತ್ತಿರೋದು ಬೇರೆ, ಬೀಗರಾಗೋರ ಎದುರು ನನ್ನ ಗಡ್ಡ ಬೋಳಿಸೋದು ಬೇರೆ, ಹೋಗು, ನಿನ್ನ ದುರ್ಬೀನಿನ ಜೊತೆ ಸಂಸಾರ ಮಾಡು. ಮಾಡಿದಳು.

ಈಗ ಕಣ್ಣು ಕಾಣದವನು ಕಾಣುವವರ ಬಾಯಿಂದ ಸ್ತುತಿ ಕೇಳಿಸಿಕೊಳ್ಳಬೇಕಂತೆ, ನಿಯಮ, ಚಾವಣಿಯಲ್ಲಿ ಬೇರೆ ಯಾರೂ ಇಲ್ಲ, ಮುಂದಿನ ಸಲಕ್ಕೆ ಅಪ್ಪನಿಗೆ ನೂರ ಒಂಬತ್ತು, ಸೂರ್ಯ ಕಾಣ್ತಾ ಇದಾನಾ? ಕಾಣ್ತಿದಾನೆ ಅಪ್ಪಾ. ಸರಿಯಾದ ಜಾಗದಲ್ಲೇ ಇದಾನೋ, ತಿದ್ದಬೇಕೋ? ಅವಳು ಸೂರ್ಯನ ಕಡೆ ತಿರುಗಿ ನಿಂತಳು. ಹೇಳು ಮತ್ತೆ, ಹೊತ್ತು ಮೀರುತ್ತೆ. ಕೇಳಿಸಿಕೊಂಡರೆ ಸಾಕು, ಅಪ್ಪನಿಗೆ ಅದು ಸಂದಂತೆ, ಆಮೆನ್ ಅನ್ನಲೇಬೇಕೆಂದಿಲ್ಲ, ಆದರೆ ಆಮೆನ್ ಎಂದರೆ ನಿನ್ನ ಮಾತು ನಿಜ ಎಂದು ಅರ್ಥ, ಆ ಒಂದು ಪದಕ್ಕಾಗಿ ಅವಳು ನಲವತ್ತೊಂದು ಮೆಟ್ಟಿಲು ಹತ್ತಿದ್ದು, ಬೇರೆ ಯಾವುದಕ್ಕೂ ಅಲ್ಲ — ಸೃಷ್ಟಿಯ ಕೆಲಸವನ್ನು ಮಾಡುತ್ತಿರುವವನೇ ನಿನಗೆ ಸ್ತುತಿ — ಮಾಡಿದವನಲ್ಲ, ಮಾಡುತ್ತಿರುವವನು, ನಂಬದವಳು, ಆದರೂ ಒಂದಕ್ಷರ ಬಿಡದೆ ಹೇಳಿ ಮುಗಿಸಿದಳು, ಕಣ್ಣು ತಂತಾನೇ ಕೈಗಡಿಯಾರಕ್ಕೆ ಹೋಯಿತು, ಹಾಳು ಅಭ್ಯಾಸ, ಮೂರು ಪದ ಆಡುವಷ್ಟು ಹೊತ್ತಿನೊಳಗೆ ಆಮೆನ್ ಬರಬೇಕು, ಆಮೇಲೆ ಬಂದದ್ದು ಅನಾಥ, ಯಾವ ಸ್ತುತಿಗೂ ಸೇರದ್ದು, ಇದನ್ನೂ ಅಪ್ಪನೇ ಕಲಿಸಿದ್ದು, ಒಂದು, ಎರಡು, ಮೂರು, ಓಣಿಯ ಹೊಗೆ ಚಾವಣಿಗೇರುತ್ತಿದೆ, ಐದು, ತುಟಿ ಅಲುಗಿತೇ, ಇಲ್ಲ, ಏಳು, ಇಡೀ ಊರಿಗೆ ನಿಮಿಷ ಹಂಚಿದ ಮನುಷ್ಯ, ಒಂದು ಸಲವೂ ತಡ ಮಾಡದವರು — ಆಮೆನ್, ಅಂದರು ಅಪ್ಪ, ಸ್ಪಷ್ಟವಾಗಿ, ಉಗುಳು ನುಂಗಿ, ಇಳಿಸು ನನ್ನನ್ನ ಕೆಳಗೆ, ಬಿಸಿಲು ಸುಡ್ತಿದೆ. ಬೇಕೆಂದೇ ಕಾದರೋ, ಬಾಯಿ ಬರಲಿಲ್ಲವೋ, ಮುಖದಲ್ಲಿ ಏನೂ ಇಲ್ಲ, ಬಿಳಿಚಿದ ಕಣ್ಣು, ಮಿಟುಕದ ರೆಪ್ಪೆ, ಅದರ ಮೇಲೆ ಬಿಸಿಲು, ಬಿಳಿಚಿದ ಕಣ್ಣು — ಆಮೆನ್ ಬರಲು ಹನ್ನೊಂದು ಸೆಕೆಂಡು.