ಎತ್ತಿನ ಬಿಲ್ಲೆ

ತೀರ್ಥಪ್ಪನ ಮನೆಯಲ್ಲಿ ಒಂದು ಬೆಳ್ಳಿ ಬಿಲ್ಲೆ ಇತ್ತು. ಅದು ಮನುಷ್ಯರದ್ದಲ್ಲ, ಎತ್ತಿನದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ದೇಶದೇಶದವರು ನೆರೆದಿದ್ದ ಕಲ್ಕತ್ತೆಯ ವಸ್ತುಪ್ರದರ್ಶನಕ್ಕೆ ಆ ಮನೆಯ ಅಮೃತಮಹಲ್ ಎತ್ತೊಂದು ಹೋಗಿ ಗೆದ್ದದ್ದಂತೆ. ಹೋಗುವ ದಾರಿಯಲ್ಲಿ ಎತ್ತು ಸಮುದ್ರ ಕಂಡು, ತನ್ನೂರು ಅಜ್ಜಂಪುರದ ಕೆರೆಯೇ ಇಲ್ಲಿಗೂ ಬಂತೆಂದು ಮೂತಿಯಿಟ್ಟಿತಂತೆ. ಉಪ್ಪು ತಾಗಿ ಸಮುದ್ರಕ್ಕೇ ಗುಟುರು ಹಾಕಿತಂತೆ. ತೀರ್ಥಪ್ಪನ ಮಗಳು ಯಶೋದಾ ಚಿಕ್ಕಂದಿನಲ್ಲಿ ಮಲ್ಲಿಕಾಂಬಜ್ಜಿಯ ತೊಡೆ ಮೇಲೆ ಮಲಗಿ ಈ ಕಥೆ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಗೆದ್ದದ್ದು ಎತ್ತು, ನಮಗೇಕೆ ಎಂದ ಹಿರಿಯರು ಅಕ್ಕಸಾಲಿಯ ಕೈಲಿ ಬಿಲ್ಲೆಗೊಂದು ಕೊಂಡಿ ಬೆಸೆಸಿದ್ದರು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಮೊದಲು, ವರ್ಷವೆಲ್ಲ ಮೇವು ಹಾಕಿದ ಕೈಯೇ ಅದನ್ನು ಆಗ ಮನೆಯಲ್ಲಿರುವ ಎತ್ತಿನ ಕೊರಳಿಗೆ ಕಟ್ಟಬೇಕು. ಆ ಮನೆಯ ಬದುಕು ಯಾರ ಕೈಯಲ್ಲಿದೆಯೆಂದು ಊರು ತಿಳಿಯುತ್ತಿದ್ದದ್ದು ಹಾಗೆ.

ಈ ಸಲ ಆ ಕೈ ಯಶೋದಾಳದು. ತೀರ್ಥಪ್ಪನಿಗೆ ಲಕ್ವ ಹೊಡೆದಾಗಿನಿಂದ ಹುಲ್ಲು ಕೊಯ್ದವಳು, ಸಗಣಿ ಬಾಚಿದವಳು, ಎತ್ತಿನ ಗೊರಸಿನ ಹುಣ್ಣು ತೊಳೆದವಳು ಅವಳೇ. ಗಂಡನ ಮನೆಯಲ್ಲಿ ಬಾಳದೆ ತೌರಿಗೆ ಬಿದ್ದವಳು ಎಂದು ಆಡಿಕೊಳ್ಳುವ ಊರಿನ ಮುಂದೆ ಒಂದೇ ಒಂದು ಸಲ ಆ ಬಿಲ್ಲೆಯ ದಾರ ಕಟ್ಟಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಅಪ್ಪನೂ ತೊದಲುತ್ತಲೇ ಹೇಳಿದ್ದ, ಈ ಸಲ ನೀನೇ ಕಟ್ಟವ್ವ ಎಂದು.

ತರೀಕೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಅಣ್ಣ ವಿಶ್ವನಾಥ ಹಬ್ಬಕ್ಕೆ ಮುಂಚೆ ಬಂದು, ಪಾಲಿಶ್ ಹಾಕಿಸಿ ತರ್ತೀನಿ ಎಂದು ಬಿಲ್ಲೆ ಒಯ್ದ. ಸಂಕ್ರಾಂತಿಯ ಮಧ್ಯಾಹ್ನ ತಂದ. ಕೆಂಪು ಮಕಮಲ್ಲು, ಮೇಲೆ ಗಾಜು, ಸುತ್ತ ಚಿನ್ನದ ಬಣ್ಣದ ಚೌಕಟ್ಟು. ಕೆಳಗೆ ಹಿತ್ತಾಳೆ ತಗಡಿನಲ್ಲಿ ಅಪ್ಪನ ಹೆಸರು, ಅದರ ಪಕ್ಕದಲ್ಲಿ ಅವನದು. ಮಕಮಲ್ಲಿನಲ್ಲಿ ಸರಿಯಾಗಿ ಕೂರಲೆಂದು ಕೊಂಡಿಯನ್ನು ಕೊಯ್ಸಿ ಹಾಕಿದ್ದ.

"ಕೊಂಡಿ ಯಾಕೆ ಕೊಯ್ಸಿದೆ?" ಯಶೋದಾ ಗಾಜಿನ ಮೇಲೆ ಬೆರಳಿಟ್ಟು ಕೇಳಿದಳು.

"ರಾಣಿ ಮುಖ ಇರೋ ಮೆಡಲ್ ಕಣೇ. ಸಗಣಿ ಮೆತ್ಕೊಂಡು ದನದ ಕೊರಳಲ್ಲಿ ನೇತಾಡ್ಬೇಕಾ? ನೀನೂ ದನದ ಜೊತೆ ಇದ್ದೂ ಇದ್ದೂ ದನದ ಹಂಗೇ ಆಗ್ಬಿಟ್ಟಿದೀಯ."

ಅವಳು ಅಪ್ಪನ ಕಡೆ ತಿರುಗಿದಳು. ತೀರ್ಥಪ್ಪ ಒಳ್ಳೆಯ ಕೈಯಿಂದ ಗಾಜು ಸವರಿ ತನ್ನ ಹೆಸರನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು.

"ಎತ್ತಿಗೇನು ಕಟ್ಲಪ್ಪಯ್ಯ?"

"ಹೂವಿನ ಹಾರ ಹಾಕ್ಬಿಡೇ. ಅದಕ್ಕೇನ್ ಗೊತ್ತಾಗುತ್ತೆ," ಎಂದು ಅಪ್ಪ ಗಾಜಿನಿಂದ ಕಣ್ಣೆತ್ತದೆ ತೊದಲಿದ.

ಬಂದವರೆಲ್ಲ ಗೋಡೆಗೆ ಹಾಕಿದ ಚೌಕಟ್ಟು ನೋಡಿ ವಿಶ್ವನಾಥನ ಬೆನ್ನು ತಟ್ಟಿದರು. ಸಂಜೆ ಕಿಚ್ಚಿನ ಮುಂದೆ ಅವನು ಪಂಚೆ ಮೇಲೆ ಕಟ್ಟಿ, ಫೋಟೋ ತೆಗೀತಾರೆ, ಎತ್ತನ್ನು ಸ್ವಲ್ಪ ಹಿಡಿದುಕೊಂಡು ಆಮೇಲೆ ಸರಿದು ನಿಲ್ಲು ಎಂದ. ಯಶೋದಾ ಹಗ್ಗವನ್ನು ಅವನ ಕೈಗೆ ತುರುಕಿದಳು.

"ಬಿಲ್ಲೆ ಗೋಡೆಗೆ ಹಾಕ್ದೋನೇ ಮೇವೂ ಹಾಕ್ಲಿ. ನನ್ನ ಕೈ ಇನ್ನು ಇದಕ್ಕೆ ಸೋಕಲ್ಲ."

ಅವನು ನಕ್ಕ. ಸುತ್ತಲಿದ್ದವರೂ ನಕ್ಕರು. ವಿಶ್ವನಾಥ ಕಿಚ್ಚು ಹಾಯಿಸಿ, ಊಟ ಮುಗಿಸಿ ಕಾರು ಹತ್ತಿ ತರೀಕೆರೆಗೆ ಹೋದ.

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎತ್ತು ಕೂಗಿತು. ಯಶೋದಾ ಮುಸುಕೆಳೆದುಕೊಂಡಳು. ಮತ್ತೆ ಕೂಗಿತು. ಹಸಿದ ಬಾಯಿಯ ಮುಂದೆ ಹಠ ಎಷ್ಟು ಹೊತ್ತು ನಿಂತೀತು? ಅವಳು ಎದ್ದು ಕುಡುಗೋಲು ಹುಡುಕುತ್ತಿದ್ದಾಗ ನಡುಮನೆಯಿಂದ ಅಪ್ಪನ ದನಿ ಬಂತು.

"ಎತ್ತು ಕೂಗ್ತಾ ಇದೆ ಕಣೇ. ಇನ್ನೂ ಬಿದ್ಕೊಂಡಿದೀಯಾ?"